ವಿದೇಶದಿಂದ ತರಿಸುವ ವಸ್ತು ಹೊರಡುವ ಮೊದಲು ಫೋಟೋದಲ್ಲಿ ಏನೇನು ನೋಡಬೇಕು?

ಒಮ್ಮೆ ಒಂದು ಜಾಕೆಟ್ ತರಿಸಿದ್ದೆ. ಗೋದಾಮಿನಿಂದ ಆರು ಫೋಟೋ ಬಂದವು. ಜಿಪ್ ಸರಿ ಇದೆಯಾ, ಹೊಲಿಗೆ ನೇರ ಇದೆಯಾ, ಎದೆ ಮೇಲಿನ ಕಸೂತಿ ಚೆನ್ನಾಗಿದೆಯಾ ಅಂತ ಅರ್ಧ ಗಂಟೆ ದೊಡ್ಡದು ಮಾಡಿ ಮಾಡಿ ನೋಡಿದೆ. ಎಲ್ಲ ಸರಿ ಅನ್ನಿಸಿತು. ಕಳಿಸಿ ಅಂದೆ. ಮೂರು ವಾರ ಆದಮೇಲೆ ಬಂದ ಜಾಕೆಟ್ಟಿನೊಳಗೆ ನನ್ನ ಭುಜವೇ ತೂರಲಿಲ್ಲ. ಹಳೆಯ ಫೋಟೋ ತೆಗೆದು ನೋಡಿದರೆ, ನಾಲ್ಕನೆಯದರಲ್ಲಿ ಕಾಲರ್ ಒಳಗಿನ ಚೀಟಿ ಢಾಳಾಗಿ ಕಾಣುತ್ತಿತ್ತು. ನಾನು ಕೇಳಿದ್ದಕ್ಕಿಂತ ಎರಡು ಸೈಜ್ ಚಿಕ್ಕದು.

ತಪ್ಪು ವಸ್ತು ಕಳಿಸಿದ್ದು ಅಂಗಡಿಯವರು, ನಿಜ. ಆದರೆ ಕಣ್ಣೆದುರಿಗೇ ಇದ್ದದ್ದನ್ನು ನೋಡದೆ ಒಪ್ಪಿಕೊಂಡವನು ನಾನು. ಚೀಟಿಯಲ್ಲಿ ಏನಿದೆ ಅಂತ ನಾನು ಕೇಳಿಕೊಂಡೇ ಇರಲಿಲ್ಲ. ಫೋಟೋ ಹಾಗೆಯೇ, ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಆಮೇಲಿಂದ ನಾನು ಪ್ರಶ್ನೆ ಬರೆದಿಟ್ಟುಕೊಂಡೇ ಫೋಟೋ ತೆರೆಯುತ್ತೇನೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಈ ಫೋಟೋಗೆ ಯಾಕಿಷ್ಟು ಬೆಲೆ

ಟಾವೊಬಾವೊ, 1688ರಂಥ ಚೀನಾದ ತಾಣಗಳಿಂದ ಹೊರದೇಶದವರು ಕೊಳ್ಳುವಾಗ ಸಾಮಾನ್ಯವಾಗಿ ನಡುವೆ ಒಬ್ಬ ಏಜೆಂಟ್ ಇರುತ್ತಾನೆ. ಅಂಗಡಿಯವನು ವಸ್ತುವನ್ನು ಅದೇ ದೇಶದಲ್ಲಿರುವ ಏಜೆಂಟನ ಗೋದಾಮಿಗೆ ಕಳಿಸುತ್ತಾನೆ. ಅಲ್ಲಿನ ಸಿಬ್ಬಂದಿ ಪೊಟ್ಟಣ ಬಿಚ್ಚಿ ಫೋಟೋ ತೆಗೆದು ನಿಮ್ಮ ಖಾತೆಗೆ ಹಾಕುತ್ತಾರೆ. ಇವನ್ನೇ ಕ್ಯೂಸಿ (ಕ್ವಾಲಿಟಿ ಕಂಟ್ರೋಲ್, ಅಂದರೆ ಗುಣಮಟ್ಟ ತಪಾಸಣೆಯ) ಫೋಟೋ ಅನ್ನುವುದು. ನೀವು ಒಪ್ಪಿದ ಮೇಲೆ ಪಾರ್ಸೆಲ್ ದೇಶ ಬಿಟ್ಟು ಹೊರಡುತ್ತದೆ.

ಗೋದಾಮಿನಲ್ಲಿ ಇರುವತನಕ ವಾಪಸ್ ಮಾಡುವುದು ಸುಲಭ, ಖರ್ಚೂ ಕಡಿಮೆ. ಗಡಿ ದಾಟಿದ ಮೇಲೆ ಅದೇ ವಸ್ತುವನ್ನು ವಾಪಸ್ ಕಳಿಸಲು ಎಷ್ಟೋ ಸಲ ವಸ್ತುವಿನ ಬೆಲೆಗಿಂತ ಜಾಸ್ತಿ ಖರ್ಚಾಗುತ್ತದೆ.

ಆದರೆ ಗೋದಾಮಿನಲ್ಲಿದ್ದಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಚೀನಾದ ಗ್ರಾಹಕ ರಕ್ಷಣಾ ಕಾನೂನಿಗೆ ತಂದ ತಿದ್ದುಪಡಿ 2014ರ ಮಾರ್ಚ್ 15ರಿಂದ ಜಾರಿಯಲ್ಲಿದೆ. ಅದರಂತೆ ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು, ಸರಕು ಕೈಸೇರಿದ 7 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ನಿಮಗಾಗಿಯೇ ಮಾಡಿಸಿದ್ದು, ಬೇಗ ಕೆಡುವಂಥದ್ದು ಇದರಲ್ಲಿ ಸೇರುವುದಿಲ್ಲ. ಇಲ್ಲಿ ಸರಕು ಕೈಸೇರಿತು ಅಂದರೆ ಗೋದಾಮಿಗೆ ಸೇರಿತು ಅಂತಲೇ ಲೆಕ್ಕ. ಫೋಟೋ ಬರಲು ಎರಡು ದಿನ, ನೀವು ನೋಡಲು ಮೂರು ದಿನ ಅಂದರೆ ಉಳಿಯುವುದು ಎರಡೇ ದಿನ. ಹಾಗಾಗಿ ಫೋಟೋ ಬಂದ ದಿನವೇ ನೋಡಿ. 1688 ಸಗಟು ವ್ಯಾಪಾರದ ತಾಣ, ಅಲ್ಲಿ ಪ್ರತಿ ಅಂಗಡಿಯ ರಿಟರ್ನ್ ನಿಯಮವನ್ನು ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ಏಜೆಂಟ್ ಇಲ್ಲದೆ ನೇರ ಕೊಳ್ಳುತ್ತಿದ್ದರೆ ಫೋಟೋ ಕಳಿಸುವವನು ಮಾರುವವನೇ. ಚಂದ ಕಾಣುವ ಕೋನ ಹುಡುಕಿ ತೆಗೆದೇ ತೆಗೆಯುತ್ತಾನೆ. ಆಗ ವಸ್ತುವಿನ ಪಕ್ಕದಲ್ಲಿ ಆರ್ಡರ್ ಸಂಖ್ಯೆ ಮತ್ತು ದಿನಾಂಕ ಬರೆದ ಚೀಟಿ ಇಟ್ಟು ಫೋಟೋ ತೆಗೆಯಲು ಹೇಳಿ. ಸಂಶಯ ಬಂದರೆ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಚಿತ್ರ ಇನ್ನು ನಾಲ್ಕು ಕಡೆ ಸಿಕ್ಕಿದರೆ ಅದು ನಿಮ್ಮ ವಸ್ತುವಿನದ್ದಲ್ಲ.

ಹಂತ 1: ಫೋಟೋ ಬರುವ ಮೊದಲೇ ಪಟ್ಟಿ ಬರೆಯಿರಿ

ಆರ್ಡರ್ ಹಾಕಿದ ದಿನವೇ ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಬಣ್ಣದ ಆಯ್ಕೆ, ಸೈಜ್, ಅಳತೆಯ ಕೋಷ್ಟಕ, ಬಟ್ಟೆ ಯಾವುದು, ಜೊತೆಗೆ ಏನೇನು ಕೊಡುತ್ತಾರೆ, ಎಲ್ಲವೂ ಇರಲಿ. ಅಂಗಡಿಯವರು ಪುಟ ಬದಲಿಸುವುದು, ತೆಗೆದೇ ಹಾಕುವುದು ಮಾಮೂಲು. ಆಮೇಲೆ ಜಗಳ ಆದರೆ ಕೈಯಲ್ಲಿ ಏನಾದರೂ ಇರಬೇಕಲ್ವಾ?

ಹಿಂದೆ ಕೊಂಡವರು ಹಾಕಿದ ಎರಡು ಮೂರು ಫೋಟೋಗಳನ್ನೂ ಉಳಿಸಿಕೊಳ್ಳಿ. ಸ್ಟುಡಿಯೋ ಬೆಳಕಿನಲ್ಲಿ ತೆಗೆದ ಜಾಹೀರಾತಿನ ಚಿತ್ರಕ್ಕೆ ಗೋದಾಮಿನ ಫೋಟೋವನ್ನು ಹೋಲಿಸಿದರೆ ನಿರಾಸೆ ಖಂಡಿತ. ಸಾಮಾನ್ಯರು ಮನೆಯಲ್ಲಿ ತೆಗೆದ ಫೋಟೋಗೆ ಹೋಲಿಸಿದರೆ ನ್ಯಾಯವಾದ ಹೋಲಿಕೆ.

ಕೊನೆಗೆ ನಿಮಗೆ ಯಾವುದು ಮುಖ್ಯ ಅಂತ ನಾಲ್ಕೈದು ಸಾಲು ಬರೆಯಿರಿ. 'ಎದೆ ಅಳತೆ 108 ಸೆಂ.ಮೀ.ಗಿಂತ ಕಡಿಮೆ ಆದರೆ ಬೇಡ', 'ಜಿಪ್ ಎರಡೂ ಕಡೆಯಿಂದ ತೆರೆಯಬೇಕು', ಹೀಗೆ. ಫೋಟೋ ನೋಡಿದ ಮೇಲೆ ಬರೆಯಲು ಕೂತರೆ ಮನಸ್ಸು ರಾಜಿಗೆ ಇಳಿದಿರುತ್ತದೆ.

ಹಂತ 2: ನೀವು ಕೇಳಿದ್ದೇ ಬಂದಿದೆಯಾ?

ಹೊಲಿಗೆ ಗಿಲಿಗೆ ಎಲ್ಲ ಆಮೇಲೆ. ಮೊದಲು ಚೀಟಿ, ಬಣ್ಣ, ಮಾದರಿ, ಸಂಖ್ಯೆ ನೋಡಿ. ಎರಡು ಜೊತೆ ಕೇಳಿದ್ದರೆ ಎರಡು ಇದೆಯಾ? ಬೆಲ್ಟ್, ಚಾರ್ಜರ್, ಸ್ಕ್ರೂ ಪೊಟ್ಟಣ ಬಂದಿದೆಯಾ? ಚಪ್ಪಲಿ ಒಂದು ಎಡ, ಒಂದು ಬಲ ತಾನೇ? ನಗಬೇಡಿ. ಎರಡೂ ಎಡಗಾಲಿನದೇ ಬಂದು, ಅದನ್ನು ನೋಡದೆ ಒಪ್ಪಿಕೊಂಡವರಿದ್ದಾರೆ.

ಚೀನಾದ ಬಟ್ಟೆಗಳ ಚೀಟಿಯಲ್ಲಿ '175/92ಎ' ಅಂತ ಇರುತ್ತದೆ. 175 ಅಂದರೆ ತೊಡುವವರ ಎತ್ತರ, 92 ಅಂದರೆ ಎದೆಯ ಸುತ್ತಳತೆ, ಎರಡೂ ಸೆಂಟಿಮೀಟರಿನಲ್ಲಿ. ಕೊನೆಯ ಅಕ್ಷರ ಮೈಕಟ್ಟಿನದು. ಗಂಡಸರ ಬಟ್ಟೆಯಲ್ಲಿ 'ಎ' ಅಂದರೆ ಎದೆಗೂ ಸೊಂಟಕ್ಕೂ 12ರಿಂದ 16 ಸೆಂ.ಮೀ. ವ್ಯತ್ಯಾಸ ಇರುವ ಸಾಧಾರಣ ಮೈಕಟ್ಟು. ಪ್ಯಾಂಟಿನ ಚೀಟಿಯಲ್ಲಿ ಎರಡನೆಯ ಅಂಕಿ ಸೊಂಟದ್ದು. ಇದು ಮೈಯ ಅಳತೆ, ಬಟ್ಟೆಯದ್ದಲ್ಲ. '92 ಅಂತಿದೆ, ಬಟ್ಟೆ ಅಳೆದರೆ 108 ಬಂತು, ಮೋಸ' ಅಂತ ದೂರು ಕೊಡಲು ಹೋಗಬೇಡಿ.

ಶೂ ಒಳಗೆ 260 ಅಂತಿದ್ದರೆ ಅದು 260 ಮಿಲಿಮೀಟರ್ ಉದ್ದದ ಪಾದಕ್ಕೆ. ಅದನ್ನು 5ರಿಂದ ಭಾಗಿಸಿ 10 ಕಳೆದರೆ ಅಲ್ಲಿನವರು ಬಳಸುವ ಇನ್ನೊಂದು ಅಂಕಿ ಬರುತ್ತದೆ: 42. ಅಂತರರಾಷ್ಟ್ರೀಯ ಬ್ರ್ಯಾಂಡುಗಳ ಲೆಕ್ಕ ಇದಕ್ಕೆ ಸರಿಯಾಗಿ ಕೂರುವುದಿಲ್ಲ, ಅದಕ್ಕೇ ನಾನು ಮಿಲಿಮೀಟರನ್ನೇ ನಂಬುತ್ತೇನೆ.

ಇನ್ನೊಂದು ಮಾತು. ಸೈಜ್ ಕೋಷ್ಟಕದಲ್ಲಿ ತೂಕ ನೋಡಿ ಆರಿಸುವ ಸಾಲು ಇರುತ್ತದೆ. ಅಲ್ಲಿ ಬಳಸುವುದು ಎಷ್ಟೋ ಸಲ ಕಿಲೋ ಅಲ್ಲ, 'ಜಿನ್'. ಒಂದು ಜಿನ್ ಅಂದರೆ 500 ಗ್ರಾಂ. 120 ಅಂತ ಇದ್ದರೆ 60 ಕಿಲೋ ತೂಗುವವರಿಗೆ.

ಹಂತ 3: ಅಳತೆ

ಹೆಚ್ಚು ಜನ ಎಡವುವುದು ಇಲ್ಲೇ. ಬಟ್ಟೆಯಾದರೆ ಅಳತೆಯ ಫೋಟೋ ಕೇಳದೆ ಒಪ್ಪಲೇಬೇಡಿ.

ಬಟ್ಟೆಯನ್ನು ಮಡಿಕೆ ಇಲ್ಲದೆ ಹಾಸಿ, ಒಂದು ಬಗಲಿನ ಹೊಲಿಗೆಯಿಂದ ಇನ್ನೊಂದು ಬಗಲಿನ ಹೊಲಿಗೆಗೆ ಟೇಪು ಇಡಬೇಕು. 54 ಬಂದರೆ ಎದೆ ಸುತ್ತಳತೆ 108. ಉದ್ದ, ಭುಜ, ತೋಳು, ಇವೂ ಬೇಕು. ಪ್ಯಾಂಟಿಗೆ ಸೊಂಟ, ತೊಡೆ, ಕಾಲಿನ ಒಳ ಉದ್ದ. ಬಂದ ಅಂಕಿಯನ್ನು ನಿಮ್ಮ ಮೈಗೆ ಹೋಲಿಸಬೇಡಿ. ನಿಮಗೆ ಸರಿಯಾಗಿ ಕೂರುವ ಹಳೆಯ ಬಟ್ಟೆಯನ್ನು ಅದೇ ರೀತಿ ಹಾಸಿ ಅಳೆದು, ಅದಕ್ಕೆ ಹೋಲಿಸಿ. ಇದಕ್ಕಿಂತ ಒಳ್ಳೆ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಟೇಪಿನ ಫೋಟೋವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಮೊದಲು ಸೊನ್ನೆ ಎಲ್ಲಿದೆ ನೋಡಿ. ಅಂಚಿಗೆ ಸರಿಯಾಗಿ ಇಟ್ಟಿದ್ದಾರಾ, ಎರಡು ಸೆಂಟಿಮೀಟರ್ ಒಳಗೆ ಶುರುವಾಗಿದೆಯಾ? ಟೇಪು ನೇರ ಇದೆಯಾ, ಜೋತು ಬಿದ್ದಿದೆಯಾ? ಬಟ್ಟೆಯನ್ನು ಎಳೆದು ಹಿಡಿದಿದ್ದಾರಾ? ಟೇಪಿನ ಯಾವ ಬದಿ ಅಂತಲೂ ಗಮನಿಸಿ. ಚೀನಾದ ಟೇಪುಗಳಲ್ಲಿ ಒಂದು ಬದಿ ಸೆಂಟಿಮೀಟರ್ ಇದ್ದರೆ, ಇನ್ನೊಂದು ಬದಿ ಕೆಲವೊಮ್ಮೆ ಇಂಚೂ ಅಲ್ಲ, 'ಛುನ್' ಅನ್ನುವ ಅಲ್ಲಿನ ಹಳೆಯ ಅಳತೆ. ಒಂದು ಛುನ್ ಅಂದರೆ ಸುಮಾರು 3.33 ಸೆಂ.ಮೀ., ಮೂವತ್ತಕ್ಕೆ ಒಂದು ಮೀಟರ್. ಅಂಕಿ ವಿಚಿತ್ರವಾಗಿ ಚಿಕ್ಕದು ಅನ್ನಿಸಿದರೆ ಇದನ್ನು ನೆನಪು ಮಾಡಿಕೊಳ್ಳಿ. ಬಟ್ಟೆಯಲ್ಲಿ 1ರಿಂದ 3 ಸೆಂ.ಮೀ. ವ್ಯತ್ಯಾಸ ಸಹಜ ಅಂತ ಹೆಚ್ಚಿನ ಅಂಗಡಿಗಳು ಮೊದಲೇ ಬರೆದಿರುತ್ತವೆ. ಅದರೊಳಗೆ ಬಂದರೆ ವಾದಿಸಿ ಪ್ರಯೋಜನ ಇಲ್ಲ.

ಟೇಪೇ ಇಲ್ಲದ ಫೋಟೋದಿಂದಲೂ ಅಳತೆ ಅಂದಾಜು ಮಾಡಬಹುದು. ಪಕ್ಕದಲ್ಲಿ ಅಳತೆ ಗೊತ್ತಿರುವ ವಸ್ತು ಒಂದಿದ್ದರೆ ಸಾಕು. ಬ್ಯಾಂಕ್ ಕಾರ್ಡ್ ಎಲ್ಲ ದೇಶದಲ್ಲೂ ಒಂದೇ ಅಳತೆ: 85.6 ಮಿ.ಮೀ. ಉದ್ದ, ಸುಮಾರು 54 ಮಿ.ಮೀ. ಅಗಲ. ಎ4 ಹಾಳೆ 297 ಮತ್ತು 210 ಮಿ.ಮೀ. ಪರದೆಯ ಮೇಲೆ ಸ್ಕೇಲ್ ಇಟ್ಟು ನೋಡಿದಾಗ ಕಾರ್ಡ್ 4 ಸೆಂ.ಮೀ., ಬ್ಯಾಗ್ 14 ಸೆಂ.ಮೀ. ಬಂತು ಅನ್ನಿ. 14ನ್ನು 4ರಿಂದ ಭಾಗಿಸಿ 85.6ರಿಂದ ಗುಣಿಸಿ. ಹೆಚ್ಚೂ ಕಮ್ಮಿ 300 ಮಿ.ಮೀ., ಅಂದರೆ 30 ಸೆಂ.ಮೀ. ಒಂದು ಷರತ್ತು: ಕಾರ್ಡೂ ನೀವು ಅಳೆಯುವ ಅಂಚೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ದಪ್ಪ ಬ್ಯಾಗಿನ ಮೇಲ್ಭಾಗ ಕ್ಯಾಮೆರಾಗೆ ಹತ್ತಿರ, ಕೆಳಗೆ ಮೇಜಿನ ಮೇಲಿರುವ ಕಾರ್ಡ್ ದೂರ. ಆಗ ಬ್ಯಾಗ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗೋದಾಮಿನವರು ಗೆರೆ ಹಾಕಿದ ಹಾಸಿನ ಮೇಲೆ ಇಟ್ಟು ತೆಗೆದ ಫೋಟೋದಲ್ಲೂ ಇದೇ ತೊಂದರೆ.

ಫೋನ್ ಕ್ಯಾಮೆರಾವನ್ನು ತೀರ ಹತ್ತಿರ ಹಿಡಿದರೆ ಮುಂದಿರುವುದು ಉಬ್ಬಿ, ಹಿಂದಿರುವುದು ಕುಗ್ಗಿ ಕಾಣುತ್ತದೆ. ಒಂದು ಶೂ ದೊಡ್ಡದು, ಇನ್ನೊಂದು ಚಿಕ್ಕದು ಅಂತ ಗಾಬರಿಯಾಗುವ ಮೊದಲು, ಸ್ವಲ್ಪ ದೂರ ನಿಂತು ಜೂಮ್ ಮಾಡಿ ನೇರ ಮೇಲಿನಿಂದ ತೆಗೆದ ಫೋಟೋ ಕೇಳಿ.

ತೂಕವನ್ನೂ ಮರೆಯಬೇಡಿ. ಗೋದಾಮಿನವರು ಹೇಗೂ ತೂಕ ಹಾಕುತ್ತಾರೆ. ಒಂದೇ ಸೈಜಿನ ಎರಡು ಟೀ ಶರ್ಟಿನಲ್ಲಿ 180 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ) ಬಟ್ಟೆಯದ್ದು ತೆಳು, 300 ಜಿಎಸ್ಎಂ ಬಟ್ಟೆಯದ್ದು ದಪ್ಪ. ಫೋಟೋದಲ್ಲಿ ಎರಡೂ ಒಂದೇ ಥರ, ತಕ್ಕಡಿಯಲ್ಲಿ ಅಲ್ಲ. ಗಟ್ಟಿ ಮರ ಅಂತ ಹೇಳಿ ಕಳಿಸಿದ ಟೊಳ್ಳು ಪೆಟ್ಟಿಗೆ, ದಪ್ಪ ಸ್ಟೀಲ್ ಅಂದ ತೆಳ್ಳನೆಯ ಪಾತ್ರೆ, ಇವುಗಳ ಗುಟ್ಟನ್ನೂ ತೂಕವೇ ಬಿಟ್ಟುಕೊಡುತ್ತದೆ.

ಹಂತ 4: ಬಣ್ಣ

ಬಣ್ಣದ ವಿಷಯದಲ್ಲಿ ಫೋಟೋವನ್ನು ಅರ್ಧ ಮಾತ್ರ ನಂಬಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಗಲಿನ ಬೆಳಕು 5500ರಿಂದ 6500. ಅದೇ ಬಿಳಿ ಅಂಗಿ ಒಂದರಲ್ಲಿ ಕೆನೆ ಬಣ್ಣ, ಇನ್ನೊಂದರಲ್ಲಿ ನೀಲಿ ಛಾಯೆ. ಜೊತೆಗೆ ಕ್ಯಾಮೆರಾ ಚಿತ್ರ ಪೂರ್ತಿಯನ್ನು ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ಚಿತ್ರದ ತುಂಬ ಕಪ್ಪು ಬಟ್ಟೆಯೇ ಇದ್ದರೆ ಅದು ಮಾಸಿದ ಬೂದು ಆಗುತ್ತದೆ. ಬಿಳಿಯೇ ತುಂಬಿದ್ದರೆ ಬಿಳಿಯೂ ಮಂಕಾಗುತ್ತದೆ.

ಪರಿಹಾರ ಸುಲಭ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಕಿಟಕಿ ಬೆಳಕಿನಲ್ಲಿ ತೆಗೆಯಲು ಹೇಳಿ. ಹಾಳೆ ಹಳದಿಯಾಗಿ ಕಂಡರೆ ಬಟ್ಟೆಯ ಹಳದಿಯೂ ಬೆಳಕಿನದೇ. ಫೋನಿನ ಎಡಿಟರ್‌ನಲ್ಲಿ ಹಾಳೆ ಬಿಳಿಯಾಗುವ ತನಕ ಬಣ್ಣ ಸರಿಪಡಿಸಿ, ಆಮೇಲೆ ಬಟ್ಟೆ ನೋಡಿ.

ನುಣುಪು ನೇಯ್ಗೆಯ ಮೇಲೆ ಅಲೆ ಅಲೆಯಾಗಿ ಪಟ್ಟೆ ಕಂಡರೆ ಹೆದರಬೇಡಿ. ಅದು ನೇಯ್ಗೆಯ ಎಳೆಗಳಿಗೂ ಕ್ಯಾಮೆರಾದ ಅಥವಾ ಪರದೆಯ ಚುಕ್ಕೆಗಳಿಗೂ ತಾಳ ತಪ್ಪಿ ಹುಟ್ಟುವ ಭ್ರಮೆ. ಜೂಮ್ ಮಾಡಿದಾಗ ಪಟ್ಟೆ ಜಾಗ ಬದಲಿಸಿದರೆ ಬಟ್ಟೆಯಲ್ಲಿ ದೋಷ ಇಲ್ಲ.

ಒಂದೇ ವಸ್ತುವಿನ ಎರಡು ಭಾಗದ ಬಣ್ಣ ಬೇರೆ ಬೇರೆ ಇದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಒಂದೇ ಫೋಟೋ, ಒಂದೇ ಬೆಳಕು, ಆದರೂ ಎಡ ತೋಳು ಕಡು, ಬಲ ತೋಳು ತಿಳಿ. ಆಗ ಬೆಳಕನ್ನು ದೂರುವಂತಿಲ್ಲ.

ಹಂತ 5: ಕೆಲಸದ ಗುಣಮಟ್ಟ

ಎಲ್ಲ ಕಡೆ ಹುಡುಕಬೇಡಿ. ಮುರಿಯುವ, ಹರಿಯುವ ಜಾಗ ಹುಡುಕಿ.

ಬಟ್ಟೆಯಲ್ಲಿ ಎಳೆತ ಬೀಳುವುದು ಬಗಲು, ಜೇಬಿನ ಮೂಲೆ, ಪ್ಯಾಂಟಿನ ಕವಲು, ಜಿಪ್ಪಿನ ಬುಡದಲ್ಲಿ. ಅಲ್ಲಿ ಹೊಲಿಗೆ ಬಿಟ್ಟಿದೆಯಾ, ಸುಕ್ಕುಗಟ್ಟಿದೆಯಾ ನೋಡಿ. ಜೋತಾಡುವ ದಾರವನ್ನು ಕತ್ತರಿಯಿಂದ ಕತ್ತರಿಸಿದರೆ ಆಯಿತು, ಅದಕ್ಕೆ ರಿಟರ್ನ್ ಬೇಡ. ಪಟ್ಟೆ ಅಥವಾ ಚೌಕಳಿ ಬಟ್ಟೆಯಾದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ದರ್ಜಿಯ ಶ್ರದ್ಧೆ ತಿಳಿಯುವುದು ಅಲ್ಲಿ. ಒಳಭಾಗ ತಿರುಗಿಸಿ ತೆಗೆದ ಒಂದು ಫೋಟೋ, ಹೊರಗಿನ ಹತ್ತು ಫೋಟೋಗೆ ಸಮ.

ಶೂ ಎರಡನ್ನೂ ಅಕ್ಕಪಕ್ಕ ಇಟ್ಟು ಹಿಂದಿನಿಂದ ತೆಗೆದ ಫೋಟೋ ಬೇಕೇ ಬೇಕು. ಹಿಮ್ಮಡಿ ಒಂದು ಕಡೆಗೆ ವಾಲಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಅಟ್ಟೆ ಮತ್ತು ಮೇಲ್ಭಾಗ ಸೇರುವಲ್ಲಿ ಅಂಟು ಸ್ವಲ್ಪ ಹೊರಗೆ ಬಂದಿದ್ದರೆ ಅದು ನೋಟದ ದೋಷ. ಅಲ್ಲಿ ಸಂದು ಬಿಟ್ಟಿದ್ದರೆ ಬೇಡವೇ ಬೇಡ.

ವಿದ್ಯುತ್ ಉಪಕರಣಕ್ಕೆ ಚಂದದ ಫೋಟೋಗಿಂತ ಅಡಾಪ್ಟರ್ ಮೇಲಿನ ಅಕ್ಷರ ಓದಲು ಬರುವಂಥ ಫೋಟೋ ಮುಖ್ಯ. ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಎಲ್ಲೆಡೆ ನಡೆಯುತ್ತದೆ. ಚೀನಾದ ಮನೆಗಳಲ್ಲಿ 220 ವೋಲ್ಟ್. ಬರೀ 220 ಅಂತಿರುವುದನ್ನು 110 ಅಥವಾ 120 ವೋಲ್ಟಿನ ದೇಶಕ್ಕೆ ತರಿಸಿದರೆ ಅದು ಸರಿಯಾಗಿ ಓಡುವುದಿಲ್ಲ. ಪ್ಲಗ್ಗಿನ ಆಕಾರವನ್ನೂ ನೋಡಿ. ಆನ್ ಮಾಡಿ ತೋರಿಸುವ ಚಿಕ್ಕ ವಿಡಿಯೊ ಕೇಳಿ. ಬ್ಯಾಟರಿ ಇದ್ದರೆ ಅದರ ವಾಟ್-ಅವರ್ (ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಂಕಿ) ಬರಹ ಬೇಕು, ಯಾಕೆಂದರೆ ವಿಮಾನದಲ್ಲಿ ಕಳಿಸುವ ನಿಯಮ ಅದರ ಮೇಲೆ ನಿಂತಿದೆ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 3.7 ವೋಲ್ಟಿನ ಲೆಕ್ಕದಲ್ಲಿ 74 ವಾಟ್-ಅವರ್. ಬ್ಯಾಟರಿಯನ್ನು ಎಲ್ಲ ಸಾಗಣೆ ಮಾರ್ಗದವರೂ ಒಯ್ಯುವುದಿಲ್ಲ.

ಗಾಜು, ಪಿಂಗಾಣಿಗೆ ಹಿಂದಿನಿಂದ ಬೆಳಕು ಬಿಟ್ಟು ಫೋಟೋ ತೆಗೆಯಲು ಹೇಳಿ. ಕೂದಲೆಳೆಯಂಥ ಬಿರುಕು ಮುಂದಿನ ಬೆಳಕಿನಲ್ಲಿ ಕಾಣದು. ಬೆರಳಿನಿಂದ ತಟ್ಟುವ ವಿಡಿಯೊ ಸಿಕ್ಕಿದರೆ ಇನ್ನೂ ಒಳ್ಳೆಯದು. ಗಟ್ಟಿ ಇದ್ದದ್ದು ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ ಅನ್ನುತ್ತದೆ.

ವಾಸನೆ, ಬಟ್ಟೆಯ ಮೆದು, ಒಗೆದಾಗ ಬಣ್ಣ ಬಿಡುತ್ತದಾ, ನೀರು ತಡೆಯುತ್ತದಾ, ಇವು ಯಾವುದೂ ಫೋಟೋದಲ್ಲಿ ಸಿಗುವುದಿಲ್ಲ. ಬ್ರ್ಯಾಂಡ್ ಅಸಲಿಯೋ ನಕಲಿಯೋ ಅನ್ನುವುದಕ್ಕೂ ಫೋಟೋ ಪ್ರಮಾಣಪತ್ರ ಅಲ್ಲ. ನಕಲಿ ಮಾಲನ್ನು ಕಸ್ಟಮ್ಸ್‌ನವರು ತಡೆಹಿಡಿದರೆ ದುಡ್ಡೂ ಹೋಯಿತು, ವಸ್ತುವೂ ಹೋಯಿತು.

ಹಂತ 6: ಇನ್ನಷ್ಟು ಫೋಟೋ ಕೇಳುವ ರೀತಿ

'ಕ್ವಾಲಿಟಿ ಚೆನ್ನಾಗಿದೆಯಾ ನೋಡಿ ಹೇಳಿ' ಅಂತ ಬರೆದರೆ 'ಚೆನ್ನಾಗಿದೆ' ಅಂತಲೇ ಉತ್ತರ. ಗೋದಾಮಿನ ಹುಡುಗನಿಗೆ ನಿಮ್ಮ ಜಾಕೆಟ್ ಇವತ್ತಿನ ನೂರಾರು ಪೊಟ್ಟಣಗಳಲ್ಲಿ ಒಂದು, ಪಾಪ. ಅವನಿಗೆ ತೀರ್ಪು ಕೊಡುವ ಕೆಲಸ ಕೊಡಬೇಡಿ, ಕ್ಯಾಮೆರಾ ಎಲ್ಲಿ ಹಿಡಿಯಬೇಕು ಅಂತ ಹೇಳಿ.

ಹೀಗೆ ಬರೆಯಬಹುದು: '1. ಬಟ್ಟೆ ಹಾಸಿ. ಬಗಲಿನಿಂದ ಬಗಲಿಗೆ ಟೇಪು ಇಡಿ. ಸೊನ್ನೆ ಕಾಣಲಿ. 2. ಕಾಲರ್ ಒಳಗಿನ ಚೀಟಿಯ ಹತ್ತಿರದ ಫೋಟೋ. 3. ಜಿಪ್ ಪೂರ್ತಿ ಹಾಕಿ ಒಂದು ಫೋಟೋ.' ನಿಮ್ಮ ಮಾತು ಯಂತ್ರದ ಅನುವಾದ ಆಗಿ ಅವರನ್ನು ತಲುಪುತ್ತದೆ. ವಾಕ್ಯ ಚಿಕ್ಕದಿದ್ದಷ್ಟೂ ಅರ್ಥ ಕೆಡುವುದು ಕಡಿಮೆ. ಸಂಶಯದ ಜಾಗ ಇದ್ದರೆ ಅವರ ಫೋಟೋ ಮೇಲೆಯೇ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿ. ಹೆಚ್ಚಿನ ಫೋಟೋಗೆ ಕೆಲವರು ಚಿಕ್ಕ ಶುಲ್ಕ ಕೇಳುತ್ತಾರೆ. ಕೊಡಿ. ನಾನು ಉಳಿಸಲು ಹೋಗಿ ಕಳೆದುಕೊಂಡದ್ದೇ ಜಾಸ್ತಿ.

ಹಂತ 7: ಒಪ್ಪುವುದಾ, ವಾಪಸ್ಸಾ?

ಕಾರ್ಖಾನೆಗಳಲ್ಲಿ ತಪಾಸಣೆ ಮಾಡುವವರು ದೋಷಗಳನ್ನು ಮೂರು ಗುಂಪು ಮಾಡುತ್ತಾರೆ: ಅಪಾಯ ತರುವಂಥದ್ದು, ದೊಡ್ಡದು, ಸಣ್ಣದು. ನಮಗೂ ಅದೇ ಸಾಕು. ತಂತಿ ಹೊರಗೆ ಕಾಣುವ ಅಡಾಪ್ಟರ್ ಅಪಾಯದ್ದು, ಮಾತೇ ಬೇಡ, ವಾಪಸ್. ತಪ್ಪು ಸೈಜ್, ಕೂಡದ ಜಿಪ್, ಬಿಟ್ಟ ಅಟ್ಟೆ ದೊಡ್ಡವು. ಜೋತ ದಾರ, ಅಂಟಿನ ಕಲೆ, ಒಳಭಾಗದ ಗೀರು ಸಣ್ಣವು. ಸಣ್ಣದಕ್ಕೆ ಬದಲಿ ಕೇಳಿದರೆ ಬರುವ ಎರಡನೆಯದು ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ ಅನ್ನುವ ಖಾತ್ರಿ ಏನೂ ಇಲ್ಲ. ಅಂಥ ಕಡೆ ಸ್ವಲ್ಪ ದುಡ್ಡು ವಾಪಸ್ ಕೊಡುತ್ತೀರಾ ಅಂತ ಏಜೆಂಟ್ ಮೂಲಕ ಕೇಳಿ ನೋಡಿ.

ವ್ಯಾಪಾರಕ್ಕಾಗಿ ನೂರಾರು ತರಿಸುವವರು ಎಲ್ಲದರ ಫೋಟೋ ನೋಡಲು ಆಗದು. ಐಎಸ್ಒ 2859-1 ಅನ್ನುವ ಮಾನದಂಡದಲ್ಲಿ ಅದಕ್ಕೆ ಕೋಷ್ಟಕವೇ ಇದೆ. ಸಾಮಾನ್ಯ ತಪಾಸಣೆಯ ಎರಡನೇ ಮಟ್ಟದಲ್ಲಿ, 281ರಿಂದ 500 ವಸ್ತುಗಳ ರಾಶಿಯಿಂದ 50 ಎತ್ತಿ ನೋಡಬೇಕು. ಒಪ್ಪಬಹುದಾದ ದೋಷಕ್ಕೆ ಶೇಕಡಾ 2.5ರ ಮಿತಿ ಇಟ್ಟುಕೊಂಡರೆ ದೊಡ್ಡ ದೋಷ ಇರುವಂಥವು 3ರ ತನಕ ಸಿಕ್ಕರೆ ರಾಶಿ ಪಾಸು, 4 ಸಿಕ್ಕರೆ ಫೇಲು. ಆ 50ನ್ನು ಅಂಗಡಿಯವನು ಆರಿಸಬಾರದು. ಬೇರೆ ಬೇರೆ ಪೆಟ್ಟಿಗೆಯಿಂದ, ನಡುವಿನಿಂದ, ತಳದಿಂದ ನಿಮ್ಮ ಕಡೆಯವರೇ ತೆಗೆಯಬೇಕು.

ಒಪ್ಪಿದ ಮೇಲೆ

ಫೋಟೋಗಳನ್ನೆಲ್ಲ ನಿಮ್ಮ ಫೋನಿಗೆ ಇಳಿಸಿಕೊಳ್ಳಿ. ಏಜೆಂಟ್ ತಾಣದಲ್ಲಿ ಅವು ಎಷ್ಟು ದಿನ ಇರುತ್ತವೋ ಗ್ಯಾರಂಟಿ ಇಲ್ಲ. ದಾರಿಯಲ್ಲಿ ಒಡೆದರೆ, ಹೊರಡುವಾಗ ಸರಿ ಇತ್ತು ಅಂತ ತೋರಿಸಲು ಇವೇ ಸಾಕ್ಷಿ.

ಡಬ್ಬ ಇರಲಾ, ತೆಗೆಯಲಾ ಅಂತ ಈಗ ಕೇಳುತ್ತಾರೆ. ವಿಮಾನದ ಕೊರಿಯರ್ ಹೆಚ್ಚಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನೂ ಕಿಲೋ ಅಂತ ಲೆಕ್ಕ ಹಾಕುತ್ತದೆ, ನಿಜ ತೂಕಕ್ಕಿಂತ ಅದು ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. 40, 30, 20ರ ಪೆಟ್ಟಿಗೆ ಅಂದರೆ 4.8 ಕಿಲೋ, ಒಳಗೆ ಹತ್ತಿ ಇದ್ದರೂ ಸರಿಯೇ. ಬಟ್ಟೆಯ ಡಬ್ಬ ತೆಗೆಸಿ. ಗಾಜಿನದ್ದು, ಯಂತ್ರದ್ದು ಹಾಗೇ ಇರಲಿ, ಮೇಲೆ ಇನ್ನೊಂದು ಪದರ ಗುಳ್ಳೆ ಹಾಳೆ ಸುತ್ತಿಸಿ. ಪ್ಯಾಕ್ ಆದ ಪೆಟ್ಟಿಗೆಯ ಫೋಟೋ ಒಂದು ತರಿಸಿಕೊಳ್ಳಿ. ಪಾರ್ಸೆಲ್ ಮನೆಗೆ ಬಂದಾಗ, ಕತ್ತರಿ ಹಾಕುವ ಮೊದಲು, ಪೆಟ್ಟಿಗೆಯ ಆರು ಬದಿಯನ್ನೂ ತೋರಿಸಿ ವಿಡಿಯೊ ಶುರು ಮಾಡಿ, ವಸ್ತು ಪೂರ್ತಿ ಹೊರಗೆ ಬರುವ ತನಕ ನಿಲ್ಲಿಸಬೇಡಿ.